ಕೂದಲಿಲ್ಲದ ಮರಿಗೆ ಹಲ್ಲೂ ಯಾಕೆ ಕಮ್ಮಿ?

ಚೈನೀಸ್ ಕ್ರೆಸ್ಟೆಡ್ ಅನ್ನೋ ಪುಟ್ಟ ನಾಯಿ ನೋಡಿದ್ದೀರಾ? ತಲೆ, ಬಾಲ, ಪಾದಗಳಲ್ಲಿ ಮಾತ್ರ ಕೂದಲು. ಉಳಿದ ಮೈಯೆಲ್ಲ ಬರೀ ಚರ್ಮ. ಮರಿ ತಂದವರು ಅದರ ಬಾಯಿ ನೋಡಿ ಗಾಬರಿಯಾಗ್ತಾರೆ: ಎಷ್ಟೋ ಹಲ್ಲುಗಳೇ ಇರಲ್ಲ!

ಇವು ಕಾಯಿಲೆ ಬಂದು ಉದುರಿದ್ದಲ್ಲ. ಭ್ರೂಣದಲ್ಲಿ ಕೂದಲು, ಹಲ್ಲು ಎರಡೂ ಹೊರಪದರ ಅಲ್ಲಲ್ಲಿ ದಪ್ಪಗಾಗುವುದರಿಂದಲೇ ಶುರುವಾಗುತ್ತವೆ. ಅಲ್ಲಿ ಬೇಕಾದ ಫಾಕ್ಸ್‌ಐ3 ಎಂಬ ಜೀನ್‌ನಲ್ಲಿ 7 ಅಕ್ಷರಗಳು ಎರಡೆರಡು ಸಲ ಬಂದಿರುವುದನ್ನು 2008ರಲ್ಲಿ ಗುರುತಿಸಲಾಯಿತು. ತಪ್ಪು ಒಂದೇ, ಪರಿಣಾಮ ಎರಡು ಕಡೆ.

ಜೀನ್‌ನ ಒಂದು ಪ್ರತಿ ಬದಲಾಗಿದ್ದರೆ ಮರಿ ಬೋಳು. ಎರಡೂ ಬದಲಾಗಿದ್ದರೆ ಹುಟ್ಟೋಕೆ ಮುಂಚೆಯೇ ಸಾಯುತ್ತೆ. ಅಂದರೆ ತಂದೆ-ತಾಯಿ ಇಬ್ಬರೂ ಬೋಳಾದರೆ, ಸರಾಸರಿ ನಾಲ್ಕರಲ್ಲೊಂದು ಭ್ರೂಣ ಉಳಿಯಲ್ಲ. ಮೈತುಂಬ ಕೂದಲಿರುವ ‘ಪೌಡರ್‌ಪಫ್’ ಜೊತೆ ಕೂಡಿಸಿದರೆ ಈ ಸಾವು ತಪ್ಪುತ್ತೆ. ಅದಕ್ಕೇ ಮರಿ ಕೊಳ್ಳುವ ಮುಂಚೆ ಅದರ ತಂದೆ-ತಾಯಿ ಎಂಥವು ಅಂತ ಕೇಳಿ.

ಮನೆಗೆ ತಂದ ಮೇಲೆ, ಯಾವ ಹಲ್ಲು ಮೊದಲಿಂದಲೇ ಇಲ್ಲ ಎಂದು ಪಶುವೈದ್ಯರಿಂದ ಬರೆಸಿಟ್ಟುಕೊಳ್ಳಿ. ಚಳಿಗೆ ಸ್ವೆಟರ್, ಬಿಸಿಲಿಗೆ ನೆರಳು ಬೇಕೇ ಬೇಕು. ಕೂದಲು ಗುಡಿಸೋ ಕೆಲಸ ಕಮ್ಮಿ, ನಿಜ. ಆದರೆ ಆ ಕೂದಲು ಮಾಡಬೇಕಿದ್ದ ಕೆಲಸವನ್ನ ಇನ್ಮುಂದೆ ನಾವೇ ಮಾಡಬೇಕು.