ಸೌದೆ ಲೆಕ್ಕಕ್ಕೆ, ಒಲೆ ಹೊರಕ್ಕೆ

ಮನೆಯ ಯಜಮಾನ ಅಡುಗೆಯವಳನ್ನೇ ಮದುವೆಯಾದರೆ ದೇಶದ ವರಮಾನ ಇಳಿಯುತ್ತದೆ! ಕೇಂಬ್ರಿಡ್ಜ್‌ನ ಅರ್ಥಶಾಸ್ತ್ರಜ್ಞ ಪಿಗೂ 1920ರಲ್ಲಿ ಹೇಳಿದ್ದರ ಸಾರ ಇದು. ಸಂಬಳ ನಿಂತಿತು, ಅದರೊಂದಿಗೆ ಉತ್ಪಾದನೆಯೂ ನಿಂತಿತು. ಸಾರು ಮಾತ್ರ ಅದೇ ಸಾರು. ಅವರಿಗಿಂತ ಹಿಂದಿನವರು ಇನ್ನೂ ಬಿಗಿ. ಫ್ರಾನ್ಸಿನ ಅರ್ಥಶಾಸ್ತ್ರಜ್ಞ ಕೆನೆಗೆ ಹೊಲದ ಬೆಳೆಯಷ್ಟೇ ಉತ್ಪಾದನೆ, ನೇಕಾರ ಬಂಜರು ವರ್ಗ. 1776ರಲ್ಲಿ ಆಡಂ ಸ್ಮಿತ್ ನೇಕಾರನನ್ನು ಒಳಗೆ ಕರೆದ. ಆಳು, ವಕೀಲ, ಗಾಯಕ, ಕೊನೆಗೆ ರಾಜನನ್ನೂ ಹೊರಗೆ ನಿಲ್ಲಿಸಿದ.

ಯಾವುದು ಉತ್ಪಾದನೆ, ಯಾವುದು ಅಲ್ಲ ಎಂಬ ಈ ಗೆರೆಯನ್ನು ಪ್ರಶ್ನಿಸಿದವರಲ್ಲಿ ನನಗೆ ಮೆಚ್ಚು ಫಿಲಿಸ್ ಡೀನ್. 1941ರಲ್ಲಿ ಲಂಡನ್ನಿನ ಸಂಶೋಧನಾ ಸಂಸ್ಥೆಯೊಂದನ್ನು ಸೇರಿದಾಗ ಇನ್ನೂ ಎಳೆಯ ಹುಡುಗಿ. ಯುದ್ಧಕಾಲದ ಬ್ರಿಟನ್ನಿಗಾಗಿ ರಿಚರ್ಡ್ ಸ್ಟೋನ್, ಜೇಮ್ಸ್ ಮೀಡ್ ಕಟ್ಟಿದ ರಾಷ್ಟ್ರೀಯ ವರಮಾನದ ಲೆಕ್ಕ ವಸಾಹತುಗಳಿಗೂ ಒಗ್ಗುತ್ತದೆಯೇ ಎಂದು ನೋಡುವ ಕೆಲಸ ಅವರ ಪಾಲಿಗೆ ಬಂತು. ಮೊದಮೊದಲು ಲಂಡನ್ನಿನಲ್ಲಿ ಕೂತೇ ಕಡತ ತಿರುವಿದರು. ಯುದ್ಧ ಮುಗಿದ ಮೇಲೆ ಇಂದಿನ ಜಾಂಬಿಯಾ, ಮಲಾವಿಗಳ ಹಳ್ಳಿಗಳಿಗೆ ಹೋದರು. ಅಲ್ಲಿ ದುಡ್ಡಿನ ವ್ಯವಹಾರ ಕಮ್ಮಿ. ಸೌದೆ ಹೊತ್ತು, ನೀರು ತಂದು, ಕಾಳು ಕುಟ್ಟಿ ಊರನ್ನು ನಡೆಸುತ್ತಿದ್ದವರು ಹೆಂಗಸರು. ಇದನ್ನೆಲ್ಲ ಬಿಟ್ಟು ಬರೆದರೆ ಅದು ಯಾವ ಊರಿನ ವರಮಾನ? ಸೌದೆಯನ್ನೂ ಅಡುಗೆಯನ್ನೂ ಹೊರಗಿಡುವುದರಲ್ಲಿ ತರ್ಕವೇ ಇಲ್ಲ ಎಂದು ಡೀನ್ ವಾದಿಸಿದರು.

1953ರಲ್ಲಿ ಅವರ ಪುಸ್ತಕ ಬಂತು. ಅದೇ ವರ್ಷ ಸ್ಟೋನ್ ಮುಂದಾಳತ್ವದಲ್ಲಿ ವಿಶ್ವಸಂಸ್ಥೆಯ ಲೆಕ್ಕಪದ್ಧತಿಯೂ ಬಂತು. ಜಗತ್ತು ಹಿಡಿದದ್ದು ಎರಡನೆಯದನ್ನು. ಅದರಲ್ಲಿ ಒಲೆಗೆ ಜಾಗವಿರಲಿಲ್ಲ. ಸ್ಟೋನ್‌ಗೆ 1984ರಲ್ಲಿ ನೊಬೆಲ್ ಸಿಕ್ಕಿತು. ಡೀನ್ ಬ್ರಿಟನ್ನಿನ ಆರ್ಥಿಕ ಇತಿಹಾಸದ ಕಡೆ ಹೊರಳಿದರು. ಆಫ್ರಿಕಾದ ಆ ಹಳ್ಳಿಗಳ ಬಗ್ಗೆ ಅವರು ಎತ್ತಿದ ಪ್ರಶ್ನೆ ಬದಿಗೆ ಸರಿದದ್ದು ನನಗೆ ಸಿಟ್ಟು ತರಿಸುತ್ತದೆ.

ನಡುವಿನ ನಲವತ್ತು ವರ್ಷ ಸಮಿತಿಗಳ ಕಥೆ, ಬಿಡಿ. 1993ರಲ್ಲಿ ವಿಶ್ವಸಂಸ್ಥೆ ಗೆರೆಯನ್ನು ಕೊಂಚ ಸರಿಸಿತು. ಮನೆಬಳಕೆಗೆ ತಂದ ಸೌದೆ, ಹೊತ್ತು ತಂದ ನೀರು ಈಗ ಉತ್ಪಾದನೆ. ಅದೇ ಸೌದೆಯಿಂದ ಒಲೆ ಹಚ್ಚಿ, ಅದೇ ನೀರಿನಲ್ಲಿ ಅನ್ನ ಬೇಯಿಸಿದರೆ ಅಲ್ಲ! ಭಾರತದ 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸಕ್ಕೆ ಕೈಹಾಕಿದ ಹೆಂಗಸರು ದಿನಕ್ಕೆ 299 ನಿಮಿಷ ದುಡಿಯುತ್ತಿದ್ದರು, ಗಂಡಸರು 97. ಇದನ್ನು ಏಕೆ ಸೇರಿಸುವುದಿಲ್ಲ? ಲೆಕ್ಕಪದ್ಧತಿಯವರು ಕೊಡುವ ಕಾರಣಗಳಲ್ಲೊಂದು: ಸೇರಿಸಿದರೆ ವಯಸ್ಕರೆಲ್ಲರೂ ದುಡಿಯುವವರೇ ಆಗಿಬಿಡುತ್ತಾರೆ, ನಿರುದ್ಯೋಗಿ ಎಂದು ಬರೆಯಲು ಯಾರೂ ಉಳಿಯುವುದಿಲ್ಲ.