ಕ್ಲೈಂಟಿಗೆ ಕೊಟ್ಟ ಸ್ವೀಟ್ ಬಾಕ್ಸಿನ ತೆರಿಗೆ ಲೆಕ್ಕ

ಓದು ಮುಗಿಸಿ ದುಬೈ, ಅಬುಧಾಬಿಯಲ್ಲೇ ಸ್ವಂತ ಲೈಸೆನ್ಸ್ ತೆಗೆದುಕೊಂಡು ವ್ಯವಹಾರ ಶುರುಮಾಡಿದವರು ನಿಮ್ಮಲ್ಲಿ ಹಲವರಿದ್ದೀರಿ. ದೀಪಾವಳಿಗೊಮ್ಮೆ, ಈದ್‌ಗೊಮ್ಮೆ ಗ್ರಾಹಕರಿಗೆ ಉಡುಗೊರೆ ಹೋಗುತ್ತದೆ. ನಿಮ್ಮ ಅಪ್ಪ ಅಮ್ಮ ಇಲ್ಲಿಗೆ ಬಂದ ಕಾಲದಲ್ಲಿ ಸಾಮಾನ್ಯ ವ್ಯಾಪಾರಿಗೆ ತೆರಿಗೆಯೇ ಇರಲಿಲ್ಲ, ಉಡುಗೊರೆಗೆ ಲೆಕ್ಕ ಯಾರು ಕೇಳುತ್ತಾರೆ? ಈಗ ಹಾಗಿಲ್ಲ. 2018ರ ಜನವರಿಯಲ್ಲಿ 5% ವ್ಯಾಟ್ ಬಂತು. 2023ರ ಜೂನ್ 1ರಿಂದೀಚೆಗೆ ಶುರುವಾದ ಹಣಕಾಸು ವರ್ಷಗಳಿಗೆ ಕಾರ್ಪೊರೇಟ್ ತೆರಿಗೆಯೂ ಬಂತು: 3,75,000 ದಿರ್ಹಮ್‌ವರೆಗಿನ ಲಾಭಕ್ಕೆ ಸೊನ್ನೆ, ಅದರ ಮೇಲಿನದಕ್ಕೆ 9%.

ಕಾರ್ಪೊರೇಟ್ ತೆರಿಗೆಯಲ್ಲಿ ಮೊದಲ ಪ್ರಶ್ನೆ, ಖರ್ಚು ಪೂರ್ತಿಯಾಗಿ ವ್ಯವಹಾರಕ್ಕೇ ಆಯಿತೇ? ಕ್ಲೈಂಟನ್ನು ಊಟಕ್ಕೆ ಕರೆದೊಯ್ದರೆ ಅದು ಸತ್ಕಾರ. ಅರ್ಧ ಮಾತ್ರ ಕಳೆಯಬಹುದು. 1,000 ದಿರ್ಹಮ್ ಊಟದಲ್ಲಿ 500 ಸಿಗುತ್ತದೆ, ಉಳಿದ 500ರ ಮೇಲೆ ತೆರಿಗೆ 45 ದಿರ್ಹಮ್. ಊಟ ನಿಲ್ಲಿಸುವಷ್ಟು ದೊಡ್ಡ ಮೊತ್ತವೇನಲ್ಲ! ಆದರೆ ಆ ಬಿಲ್ಲಿನ ವ್ಯಾಟ್ ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ. ಕಂಪನಿ ಹೆಸರು ಅಚ್ಚಾದ ಡೈರಿ, ಪೆನ್ನು ಪ್ರಚಾರದ ಖರ್ಚು ಎಂದು ತೋರಿಸುವುದು ಸುಲಭ. ದುಬಾರಿ ಉಡುಗೊರೆ ಸತ್ಕಾರದಂತೆ ಕಂಡರೆ ಅರ್ಧಕ್ಕೆ ಸಿದ್ಧರಾಗಿರಿ. ಸೋದರಮಾವನಿಗೆ ಕಳಿಸಿದ ಡಬ್ಬ ಮಾತ್ರ ಯಾವ ಲೆಕ್ಕಕ್ಕೂ ಬರುವುದಿಲ್ಲ.

ವ್ಯಾಟ್ ಬೇರೆಯೇ ಕಥೆ. ಉಡುಗೊರೆ ಕೊಂಡಾಗಿನ ವ್ಯಾಟ್ ವಾಪಸ್ ಪಡೆದಿದ್ದರೆ, ಪುಕ್ಕಟೆ ಕೊಟ್ಟದ್ದನ್ನೂ ಮಾರಿದಂತೆಯೇ ಎಣಿಸಿ ವ್ಯಾಟ್ ಕೇಳುತ್ತಾರೆ. ಇದಕ್ಕೆ ವಿನಾಯಿತಿಗಳಿವೆ. ಒಬ್ಬರಿಗೆ 12 ತಿಂಗಳಲ್ಲಿ ಕೊಟ್ಟದ್ದು 500 ದಿರ್ಹಮ್ ಮೀರಿರಬಾರದು. ದೀಪಾವಳಿಗೆ 300, ಈದ್‌ಗೆ 300 ಆದರೆ ಆ ಗ್ರಾಹಕರ ಮಟ್ಟಿಗೆ ಮಿತಿ ದಾಟಿತು. ಆಗಲೂ ಗಾಬರಿ ಬೇಡ. ಹೀಗೆ ಕಟ್ಟಬೇಕಾಗುವ ಒಟ್ಟು ವ್ಯಾಟ್ 12 ತಿಂಗಳಲ್ಲಿ 2,000 ದಿರ್ಹಮ್‌ಗಿಂತ ಕಡಿಮೆಯಿದ್ದರೆ ಕಟ್ಟುವಂತಿಲ್ಲ. ಅಂದರೆ ಸುಮಾರು 40,000 ದಿರ್ಹಮ್‌ನ ಉಡುಗೊರೆ. ಆದ್ದರಿಂದ ಯಾರಿಗೆ, ಯಾವಾಗ, ಎಷ್ಟರದ್ದು ಎಂದು ಹೆಸರುವಾರು ಪಟ್ಟಿ ಇಡಿ, ಬಿಲ್ ಎಸೆಯಬೇಡಿ. ಕಾರ್ಪೊರೇಟ್ ತೆರಿಗೆಯ ದಾಖಲೆ 7 ವರ್ಷ ಇರಬೇಕು.

ಕಾಂಟ್ರಾಕ್ಟ್ ಗಿಟ್ಟಿಸಲು ಅಧಿಕಾರಿಯ ಕೈಗಿಟ್ಟದ್ದು ಉಡುಗೊರೆಯಲ್ಲ, ಲಂಚ. ಅದನ್ನು ಕಳೆಯಲಾಗದು; ಮೇಲಾಗಿ ಅಪರಾಧ. ಹಾಗೆಯೇ ಒಳ್ಳೆಯ ಮನಸ್ಸಿನಿಂದ ಸಂಘಕ್ಕೋ ದೇವಸ್ಥಾನಕ್ಕೋ ಕೊಟ್ಟ ದೇಣಿಗೆ, ಆ ಸಂಸ್ಥೆ ಸರ್ಕಾರದ ಮಾನ್ಯ ಪಟ್ಟಿಯಲ್ಲಿ ಇಲ್ಲದಿದ್ದರೆ, ಲಾಭದಿಂದ ಕಳೆಯಲು ಬರುವುದಿಲ್ಲ.