ಕೂಲೆಂಟ್ ತುಂಬಿದರೆ ಸಾಲದು, ಇಂಜಿನ್ನಿನ ಗಾಳಿ ಹೋಗಬೇಕು

ಮುಂಗಾರಿಗೆ ಮುನ್ನ ನೇಗಿಲು, ಕುಂಟೆ, ರೋಟವೇಟರಿನ ಬ್ಲೇಡು ಎಲ್ಲವನ್ನೂ ಸಜ್ಜು ಮಾಡಿಕೊಳ್ಳುತ್ತೀರಿ. ಟ್ರ್ಯಾಕ್ಟರಿನ ರೇಡಿಯೇಟರ್ ಕಡೆ ನೋಡಿದ್ದೀರಾ?

ನಮ್ಮ ವಲಯದ ರೈತರೊಬ್ಬರು ಹೋದ ವರ್ಷ ಮನೆಯಲ್ಲೇ ಕೂಲೆಂಟ್ ಬದಲಾಯಿಸಿದರು. ಬಕೆಟ್ಟಿಗೆ ಬಸಿದ ಹಳೆಯದು ಸುಮಾರು 9 ಲೀಟರ್. ಹೊಸದು 7 ಲೀಟರಿಗೇ ರೇಡಿಯೇಟರಿನ ಕುತ್ತಿಗೆ ಮುಟ್ಟಿತು. 2 ಲೀಟರ್ ಉಳಿತಾಯವಾಯಿತೆಂದು ಸಂತೋಷಪಟ್ಟು ಉಳುಮೆಗೆ ಹೊರಟರು. ಮಧ್ಯಾಹ್ನದೊಳಗೆ ಹೆಡ್ ಗ್ಯಾಸ್ಕೆಟ್ ಸುಟ್ಟು ಇಂಜಿನ್ ನಿಂತಿತು. ಹದ ಮಳೆ ಬಿದ್ದ ವಾರವೆಲ್ಲ ಟ್ರ್ಯಾಕ್ಟರ್ ಗ್ಯಾರೇಜಿನಲ್ಲಿ. "ಸಾರ್, ಮೀಟರಿನ ಮುಳ್ಳು ಕೆಂಪಿಗೆ ಹೋಗಲೇ ಇಲ್ಲವಲ್ಲ" ಎಂದು ಅವರು ಕೇಳಿದ್ದು ನನಗೆ ಇನ್ನೂ ನೆನಪಿದೆ.

ಆ 2 ಲೀಟರಿನ ಜಾಗದಲ್ಲಿ ಇದ್ದದ್ದು ಗಾಳಿ. ಇಂಜಿನ್ ತಣ್ಣಗಿರುವಾಗ ಥರ್ಮೋಸ್ಟಾಟ್ ಮುಚ್ಚಿರುತ್ತದೆ. ಸಾಮಾನ್ಯವಾಗಿ 80 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆಯೇ ಅದು ಬಾಯಿ ತೆರೆಯುವುದು. ಅದರ ಹಿಂದೆ ಸಿಕ್ಕಿಬಿದ್ದ ಗಾಳಿಗೆ ಹೊರಬರಲು ದಾರಿಯಿಲ್ಲ. ಗಾಳಿ ನಿಂತ ಕಡೆ ಸಿಲಿಂಡರ್ ಹೆಡ್ಡಿನ ಶಾಖವನ್ನು ಒಯ್ಯುವವರಿಲ್ಲ. ಮೀಟರಿನ ಸೆನ್ಸರ್ ಕೂಲೆಂಟಿನಲ್ಲಿ ಮುಳುಗಿದ್ದರೆ ಮಾತ್ರ ನಿಜ ಹೇಳುತ್ತದೆ. ಗಾಳಿಯಲ್ಲಿ ಸಿಕ್ಕಿಕೊಂಡರೆ ಇಂಜಿನ್ ಬೇಯುತ್ತಿದ್ದರೂ ಮುಳ್ಳು ಕೆಳಗೇ ಇರಬಹುದು. ಆದ್ದರಿಂದ ಮುಳ್ಳನ್ನು ನಂಬುವ ಮೊದಲು ಬಕೆಟ್ಟಿನ ಲೆಕ್ಕ ಇಡಿ. ಎಷ್ಟು ಬಸಿದಿರೋ ಅಷ್ಟು ಒಳಗೆ ಹೋಗಲೇಬೇಕು. ಇಂಜಿನ್ನಿಗೆ ಒಟ್ಟು ಎಷ್ಟು ಹಿಡಿಸುತ್ತದೆ ಎಂಬುದು ಟ್ರ್ಯಾಕ್ಟರಿನ ಕೈಪಿಡಿಯಲ್ಲಿದೆ.

ಬಿಸಿ ಇಂಜಿನ್ನಿನ ಮುಚ್ಚಳವನ್ನು ಎಂದೂ ತೆಗೆಯಬೇಡಿ. ಒಳಗಿನ ಒತ್ತಡದಿಂದಾಗಿ ನೀರು 100 ಡಿಗ್ರಿ ದಾಟಿದರೂ ಕುದಿಯದೆ ಇರುತ್ತದೆ; ಮುಚ್ಚಳ ಸಡಿಲಿಸಿದ ಕ್ಷಣ ಉಕ್ಕಿ ಎಗರುತ್ತದೆ. ನನ್ನ ಎಡ ಮುಂಗೈ ಮೇಲಿನ ಕಲೆ ಕೆಲಸಕ್ಕೆ ಸೇರಿದ ಹೊಸತರಲ್ಲಿ ಇಂಥ ಅವಸರದಿಂದಲೇ ಆದದ್ದು. ಬೆಳಗಿನ ಹೊತ್ತು, ಇಂಜಿನ್ ಪೂರ್ತಿ ತಣ್ಣಗಿರುವಾಗ ಕೆಲಸ ಹಿಡಿಯಿರಿ.

ರೇಡಿಯೇಟರಿನ ಕೆಳಗಿನ ಕಾಕ್ ತೆರೆದು ಬಸಿಯಿರಿ. ಇಂಜಿನ್ ಬ್ಲಾಕಿನ ಪಕ್ಕದಲ್ಲಿ ಬಿರಡೆ ಇದ್ದರೆ ಅದನ್ನೂ ಬಿಚ್ಚಬೇಕು, ಇಲ್ಲವಾದರೆ ಹಳೆಯದರ ಒಂದು ಪಾಲು ಒಳಗೇ ಉಳಿಯುತ್ತದೆ. ಬಸಿದದ್ದು ತುಕ್ಕಿನ ಬಣ್ಣಕ್ಕೆ ತಿರುಗಿದ್ದರೆ ಶುದ್ಧ ನೀರು ತುಂಬಿ ಸ್ವಲ್ಪ ಹೊತ್ತು ಓಡಿಸಿ, ತಣಿಸಿ, ಮತ್ತೆ ಬಸಿಯಿರಿ. ನೀರು ತಿಳಿಯಾಗುವವರೆಗೆ ಹೀಗೆ ಮಾಡುವುದು. ರಬ್ಬರ್ ಪೈಪು ಉಬ್ಬಿದ್ದರೆ, ಸೀಳಿದ್ದರೆ ಇದೇ ಸಮಯದಲ್ಲಿ ಬದಲಾಯಿಸಿ.

ಬೋರ್‌ವೆಲ್ ನೀರಿನ ಬಗ್ಗೆ ಒಂದು ಮಾತು. ಬಚ್ಚಲ ಹಂಡೆಯೊಳಗೆ ಕಟ್ಟುವ ಬಿಳಿ ಗಾರೆಯನ್ನು ನೋಡಿದ್ದೀರಲ್ಲ, ಗಡಸು ನೀರು ಹಾಕಿದರೆ ರೇಡಿಯೇಟರಿನ ಸಣ್ಣ ನಳಿಗೆಗಳಲ್ಲೂ ಅದೇ ಕಟ್ಟುತ್ತದೆ. ಗಟ್ಟಿ ಕೂಲೆಂಟ್ ತಂದರೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರನ್ನೇ ಬೆರೆಸಿ. ಪ್ರಮಾಣ ಡಬ್ಬದ ಮೇಲಿರುತ್ತದೆ. ಬೆರೆಸಿಯೇ ಮಾರುವ ಕೂಲೆಂಟಿಗೆ ಮತ್ತೆ ನೀರು ಬೇಡ. ಹಸಿರು, ಕೆಂಪು, ನೀಲಿ ಎಂದು ಬಣ್ಣ ನೋಡಿ ಕೊಳ್ಳಬೇಡಿ. ಬಣ್ಣ ಒಂದೇ ಇದ್ದರೂ ಜಾತಿ ಬೇರೆ ಇರಬಹುದು. ಕೈಪಿಡಿ ಹೇಳಿದ್ದನ್ನೇ ತನ್ನಿ.

ಈಗ ಗಾಳಿ ತೆಗೆಯುವ ಕೆಲಸ. ರೇಡಿಯೇಟರಿನ ಬಾಯಿ ಎಲ್ಲಕ್ಕಿಂತ ಮೇಲಿರುವಂತೆ, ಮುಂದಿನ ಚಕ್ರ ತುಸು ಎತ್ತರದಲ್ಲಿ ನಿಲ್ಲಿಸಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಡಿ. ಜಾಗ ಬಯಲಾಗಿರಲಿ. ಗೇರು ನ್ಯೂಟ್ರಲ್‌ನಲ್ಲಿರಲಿ, ಬ್ರೇಕ್ ಹಾಕಿರಲಿ. ನಿಧಾನವಾಗಿ ಸುರಿಯಿರಿ, ಒಮ್ಮೆಲೇ ಸುರಿದರೆ ಗಾಳಿ ಮೇಲೆ ಬರುವ ದಾರಿಯೇ ಮುಚ್ಚಿಹೋಗುತ್ತದೆ. ಮೇಲಿನ ರಬ್ಬರ್ ಪೈಪನ್ನು ನಾಲ್ಕೈದು ಸಲ ಹಿಸುಕಿ. ಗುಳ್ಳೆ ಬರುತ್ತದೆ, ಮಟ್ಟ ಇಳಿಯುತ್ತದೆ, ಮತ್ತೆ ತುಂಬಿ. ಬಳಿಕ ಮುಚ್ಚಳ ತೆರೆದಿಟ್ಟೇ ಇಂಜಿನ್ ಶುರು ಮಾಡಿ ಸಣ್ಣಗೆ ಓಡಲು ಬಿಡಿ. ಹೆಗಲ ಟವೆಲ್ಲು ತೆಗೆದಿಡಿ, ಫ್ಯಾನಿನ ಹತ್ತಿರ ಕೈ ಒಯ್ಯಬೇಡಿ, ರೇಡಿಯೇಟರಿನ ಬಾಯಿಗೆ ಮುಖ ಬಗ್ಗಿಸಬೇಡಿ. ಸ್ವಲ್ಪ ಹೊತ್ತಿನಲ್ಲಿ ಥರ್ಮೋಸ್ಟಾಟ್ ತೆರೆದು ಮೇಲಿನ ಪೈಪು ಬಿಸಿಯಾಗುತ್ತದೆ, ಮಟ್ಟ ಥಟ್ಟನೆ ಕುಸಿಯುತ್ತದೆ. ಆ ರೈತರು ಕಾಯದೆ ಬಿಟ್ಟದ್ದು ಇದನ್ನೇ. ಗುಳ್ಳೆ ನಿಲ್ಲುವವರೆಗೆ ಸ್ವಲ್ಪಸ್ವಲ್ಪವೇ ಸೇರಿಸಿ ಮುಚ್ಚಳ ಹಾಕಿ. ಉಕ್ಕತೊಡಗಿದರೆ ಇಂಜಿನ್ ನಿಲ್ಲಿಸಿ ತಣಿಯಲು ಬಿಡಿ. ಮರುದಿನ ಬೆಳಿಗ್ಗೆ ತಣ್ಣಗಿರುವಾಗ ಇನ್ನೊಮ್ಮೆ ನೋಡಿ. ಅರ್ಧ ಲೀಟರ್ ಹಿಡಿಸಿದರೆ ಗಾಬರಿ ಬೇಡ. ದಿನವೂ ಇಳಿಯುತ್ತಿದ್ದರೆ, ಗುಳ್ಳೆ ನಿಲ್ಲದೇ ಹೋದರೆ ಮೆಕ್ಯಾನಿಕ್‌ಗೆ ತೋರಿಸಬೇಕು.

ಮನೆಯಲ್ಲಿ ಕಾರಿದ್ದವರಿಗೂ ಕ್ರಮ ಬಹುಮಟ್ಟಿಗೆ ಇದೇ. ಹೀಟರ್ ಇದ್ದರೆ ಪೂರ್ತಿ ಬಿಸಿಗೆ ತಿರುಗಿಸಿಡಿ. ಕೆಲವು ಕಾರುಗಳಲ್ಲಿ ಗಾಳಿ ಬಿಡಲೆಂದೇ ಸಣ್ಣ ಸ್ಕ್ರೂ ಇರುತ್ತದೆ. ವಿದ್ಯುತ್ ಫ್ಯಾನ್ ಇಂಜಿನ್ ನಿಂತ ಮೇಲೂ ತಾನಾಗಿ ತಿರುಗಬಹುದು, ಎಚ್ಚರ.

ಬಸಿದ ಕೂಲೆಂಟನ್ನು ಚರಂಡಿಗೆ, ಗೊಬ್ಬರದ ಗುಂಡಿಗೆ ಚೆಲ್ಲಬೇಡಿ. ಸಾಮಾನ್ಯವಾಗಿ ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುತ್ತದೆ. ನಾಯಿ, ಕರು, ಮಕ್ಕಳು ಬಾಯಿ ಹಾಕುವುದುಂಟು. ಕುಡಿದವರು ಮೊದಲು ಅಮಲೇರಿದಂತೆ ತೂರಾಡುತ್ತಾರೆ, ಆಮೇಲೆ ಮೂತ್ರಪಿಂಡ ಕೆಡುತ್ತದೆ. ಮನೆಮದ್ದಿಗೆ ಕಾಯದೆ ಕೂಡಲೇ ಆಸ್ಪತ್ರೆಗೆ, ದನಕರುವಾದರೆ ಪಶುವೈದ್ಯರಲ್ಲಿಗೆ ಒಯ್ಯಿರಿ. ಹಳೆಯದನ್ನು ಮುಚ್ಚಳವಿರುವ ಡಬ್ಬದಲ್ಲಿ ತುಂಬಿ ಗುರುತು ಬರೆದು, ಅದನ್ನು ತೆಗೆದುಕೊಳ್ಳುವ ಗ್ಯಾರೇಜಿಗೆ ಕೊಡಿ. ಖಾಲಿ ಡಬ್ಬವನ್ನು ಅಡುಗೆ ಎಣ್ಣೆಗೋ ಮಜ್ಜಿಗೆಗೋ ಬಳಸಬೇಡಿ.